ವಿಜಾಪುರದ ಮೂಗುಗಳು: ಮನೂಚಿಯ ಒಂದು ಉಲ್ಲೇಖದ ಮರುಪರಿಶೀಲನೆ

ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಯ ಚರಿತ್ರೆ ಬರೆಯುವವರು ನಮ್ಮಲ್ಲಿ ಒಂದು ಸಿದ್ಧ ಕಥೆಯಿಂದ ಆರಂಭಿಸುವ ರೂಢಿ ಇದೆ. ಸುಶ್ರುತ ಹಣೆಯ ಚರ್ಮವನ್ನು ಇಳಿಸಿ ಮೂಗು ಕಟ್ಟಿದ. ಆ ವಿದ್ಯೆ ಎರಡು ಸಾವಿರ ವರ್ಷ ಹಾಗೆಯೇ ಉಳಿದು ಪುಣೆಯಲ್ಲಿ ಇಂಗ್ಲಿಷರ ಕಣ್ಣಿಗೆ ಬಿತ್ತು. ಅಲ್ಲಿಂದ ಲಂಡನ್ನಿಗೆ ಹೋಯಿತು. ಕಥೆಯ ಕೊನೆಯ ಭಾಗ ಸರಿ. ಮೊದಲ ಭಾಗ ತಪ್ಪು. ನಡುವಿನ ಭಾಗವಂತೂ ಒಂದು ಮುಖ್ಯ ಸಾಕ್ಷ್ಯವನ್ನು, ಅದೂ ಕರ್ನಾಟಕದ ನೆಲದ ಸಾಕ್ಷ್ಯವನ್ನು, ಪೂರ್ತಿಯಾಗಿ ಮರೆತಿದೆ.

ತಪ್ಪು ಎಲ್ಲಿಂದ ಬಂತೆಂದು ಮೊದಲು ನೋಡಬೇಕು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಒಂದು ಪತ್ರವನ್ನು ಅಚ್ಚು ಹಾಕಿತು. ಬರೆದವರ ಹೆಸರಿನ ಜಾಗದಲ್ಲಿ ‘ಬಿ. ಎಲ್.’ ಎಂಬ ಎರಡಕ್ಷರ ಮಾತ್ರ ಇತ್ತು. ಕೌಸ್‌ಜಿ ಎಂಬಾತ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ದಂಡಿನ ಎತ್ತು ಹೊಡೆಯುವವನು. ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷಕ್ಕೂ ಮೇಲ್ಪಟ್ಟು ಮೂಗಿಲ್ಲದೆ ಇದ್ದವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕೂರಿಸಿದ. (ಹೆಸರನ್ನಷ್ಟೇ ನೋಡಿ ಕೌಸ್‌ಜಿಯನ್ನು ಪಾರ್ಸಿ ಎಂದು ಬರೆದವರಿದ್ದಾರೆ. ಪತ್ರ ಅವನನ್ನು ಮರಾಠಾ ಒಕ್ಕಲಿಗನೆಂದು ಸ್ಪಷ್ಟವಾಗಿ ಹೇಳುತ್ತದೆ. ಮೂಲವನ್ನು ತೆರೆದು ನೋಡದೆ ಬರೆಯುವವರಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಲಾಗದು.)

ಈ ಬಗೆಯ ಚಿಕಿತ್ಸೆಯನ್ನು ಕಣ್ಣಾರೆ ಕಂಡವರೆಂದು ಮುಂಬಯಿ ಪ್ರೆಸಿಡೆನ್ಸಿಯ ಇಬ್ಬರು ವೈದ್ಯರ ಹೆಸರು ಪತ್ರದಲ್ಲಿದೆ. ಹಂತಗಳ ವಿವರವೂ ಇದೆ. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ತಂದು, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಇಟ್ಟು ಸುತ್ತ ಗೆರೆ ಎಳೆಯುವುದು. ಆ ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಸಣ್ಣ ತೊಟ್ಟೊಂದನ್ನು ಉಳಿಸುವುದು. ಮೂಗಿನ ಬುಡದ ಹಳೆಯ ಗಾಯದ ಕಲೆಯನ್ನು ಹೆರೆದು, ಹಣೆಯ ಚರ್ಮವನ್ನು ತಿರುಚಿ ಇಳಿಸಿ ಅಲ್ಲಿ ಕೂರಿಸುವುದು. ಅಂಟಿಗೆ ಬಳಸಿದ್ದು ‘ಟೆರ್ರಾ ಜಪಾನಿಕಾ’, ಅಂದರೆ ವೀಳ್ಯಕ್ಕೆ ಹಾಕುವ ನಮ್ಮ ಕಾಚು. ನಾಲ್ಕು ದಿನದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ ತೊಟ್ಟನ್ನು ಕತ್ತರಿಸುವುದು.

ಇಡೀ ಪತ್ರದಲ್ಲಿ ಸುಶ್ರುತನ ಹೆಸರಿಲ್ಲ. ಇದು ಬಹಳ ಹಿಂದಿನ ಕಾಲದಿಂದ ನಡೆದುಬಂದ ಪದ್ಧತಿ ಎಂಬರ್ಥದ ಒಂದು ಮಾತಿದೆ, ಅಷ್ಟೆ. ಆ ಮಾತಿನೊಳಗೆ ಸುಶ್ರುತನನ್ನು ತಂದು ಕೂರಿಸಿದ್ದು ಮುಂದಿನವರು. ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ ಈ ವಿಧಾನವನ್ನು 1814ರಲ್ಲಿ ಲಂಡನ್ನಿನಲ್ಲಿ ಮಾಡಿ 1816ರಲ್ಲಿ ಪುಸ್ತಕ ಬರೆದಾಗ ಸುಶ್ರುತ ಸಂಹಿತೆ ಇನ್ನೂ ಅಚ್ಚಾಗಿರಲಿಲ್ಲ. ಕಲ್ಕತ್ತೆಯಲ್ಲಿ ಮಧುಸೂದನ ಗುಪ್ತರು ಅದನ್ನು ಮುದ್ರಣಕ್ಕೆ ತಂದದ್ದು 1830ರ ದಶಕದಲ್ಲಿ. ಪಠ್ಯ ಕೈಗೆ ಸಿಕ್ಕಿದ ಮೇಲೆ ಪುಣೆಯ ಶಸ್ತ್ರವೈದ್ಯನನ್ನೂ ಸುಶ್ರುತನನ್ನೂ ಒಂದೇ ದಾರದಲ್ಲಿ ಪೋಣಿಸುವುದು ಸುಲಭವಾಯಿತು. ಹೀಗೆ ಪೋಣಿಸಿದವರಲ್ಲಿ ಎಷ್ಟು ಮಂದಿ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವನ್ನು ಓದಿದ್ದರೋ, ನನಗೆ ಸಂಶಯ.

ಏಕೆಂದರೆ ಅಲ್ಲಿರುವುದು ಕೆನ್ನೆ. ಕತ್ತರಿಸಿದ ಮೂಗಿನ ಅಳತೆಯ ಎಲೆಯೊಂದನ್ನು ತೆಗೆದುಕೊಂಡು, ಅದೇ ಅಳತೆಗೆ ಕೆನ್ನೆಯ ಬದಿಯಿಂದ ಚರ್ಮವನ್ನು, ಬುಡ ಬಿಡಿಸದೆ, ಎತ್ತಿ ಮೂಗಿನ ಜಾಗಕ್ಕೆ ಸೇರಿಸಬೇಕೆಂದು ಸಂಹಿತೆ ವಿಧಿಸುತ್ತದೆ. ಉಸಿರಾಟಕ್ಕೆ ಎರಡು ನಳಿಗೆ, ಮೇಲೆ ಜ್ಯೇಷ್ಠಮಧು ಮೊದಲಾದವುಗಳ ಪುಡಿ, ಬಿಳಿ ಹತ್ತಿ, ಮತ್ತೆ ಮತ್ತೆ ಎಳ್ಳೆಣ್ಣೆ. ಹಣೆಯ ಸುದ್ದಿಯೇ ಇಲ್ಲ. ಇದು ಸುಶ್ರುತನ ಹಿರಿಮೆಯನ್ನು ಕುಗ್ಗಿಸುವ ಮಾತಲ್ಲ. ತೊಟ್ಟು ಉಳಿಸಿಕೊಂಡ ಚರ್ಮ ಬದುಕುತ್ತದೆ, ಎರಡು ಹಸಿ ಗಾಯಗಳು ಒಂದಕ್ಕೊಂದು ಕೂಡುತ್ತವೆ ಎಂಬ ಮೂಲತತ್ತ್ವ ಅಲ್ಲಿ ಸ್ಪಷ್ಟವಾಗಿದೆ. ಆದರೆ ತತ್ತ್ವ ಒಂದೇ ಆದ ಮಾತ್ರಕ್ಕೆ ಶಸ್ತ್ರಕ್ರಿಯೆ ಒಂದೇ ಆಗುವುದಿಲ್ಲ.

ಕೆನ್ನೆಯಿಂದ ಹಣೆಗೆ ಹೋದದ್ದು ಸಣ್ಣ ಬದಲಾವಣೆ ಎನ್ನುವವರು ಶಸ್ತ್ರ ಹಿಡಿದವರಲ್ಲ. ಕೆನ್ನೆ ಮೂಗಿನ ಪಕ್ಕದಲ್ಲೇ ಇದೆ, ಚರ್ಮವನ್ನು ಹೆಚ್ಚು ತಿರುಗಿಸಬೇಕಿಲ್ಲ. ಆದರೆ ಇಡೀ ಮೂಗಿಗೆ ಸಾಲುವಷ್ಟು ಚರ್ಮ ಅಲ್ಲಿ ಸುಲಭವಾಗಿ ಸಿಗುವುದಿಲ್ಲ, ಗಂಡಸರಲ್ಲಿ ಗಡ್ಡದ ಕೂದಲಿನ ತೊಂದರೆ ಬೇರೆ. ಹಣೆ ವಿಶಾಲ, ಅದರ ಬಣ್ಣವೂ ದಪ್ಪವೂ ಮೂಗಿಗೆ ಹೊಂದುತ್ತವೆ. ಹುಬ್ಬಿನ ಒಳತುದಿಯಲ್ಲಿ ಮೇಲೇರುವ ಸುಪ್ರಾಟ್ರೋಕ್ಲಿಯರ್ ಅಪಧಮನಿ ಕಿರಿದಾದ ತೊಟ್ಟಿನ ಮೂಲಕವೇ ಇಡೀ ಹಾಳೆಗೆ ರಕ್ತ ಕೊಡಬಲ್ಲದು. ಇದಕ್ಕೆ ತೆರಬೇಕಾದ ಬೆಲೆ ತಿರುಚುವಿಕೆ. ಚರ್ಮ ಅರ್ಧ ಸುತ್ತು ತಿರುಗದೆ ಅದರ ಹೊರಮೈ ಹೊರಗೆ ಬರುವುದಿಲ್ಲ. ಹೆಚ್ಚು ಬಿಗಿಯಾಗಿ ತಿರುಗಿದರೆ ರಕ್ತ ನಿಂತು ಚರ್ಮ ಕಪ್ಪಾಗಿ ಸಾಯುತ್ತದೆ. ಈ ಅಂದಾಜು ಶ್ಲೋಕದಿಂದ ಬರುವಂಥದ್ದಲ್ಲ. ಕೈಯಿಂದ ಕೈಗೆ, ಕಣ್ಣಿನಿಂದ ಕಣ್ಣಿಗೆ ಬರಬೇಕು. ಇಂದಿಗೂ ಶಸ್ತ್ರವೈದ್ಯರು ಈ ತೊಟ್ಟನ್ನು ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ ಕತ್ತರಿಸುತ್ತಾರೆ. ಪುಣೆಯವನ 25 ದಿನ ಅದಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಗಮನಿಸಬೇಕು.

ಹಾಗಾದರೆ ಹಣೆಯ ವಿಧಾನದ ಲಿಖಿತ ಸಾಕ್ಷ್ಯ ಪುಣೆಯಿಂದಲೇ ಶುರುವಾಗುತ್ತದೆಯೇ? ಇಲ್ಲ. ವೆನಿಸಿನ ನಿಕೊಲಾವೊ ಮನೂಚಿ ತನ್ನ ‘ಸ್ತೋರಿಯಾ ದೊ ಮೊಗೋರ್’ ಗ್ರಂಥದಲ್ಲಿ ಔರಂಗಜೇಬನ ವಿಜಾಪುರ ಯುದ್ಧವನ್ನು ಹೇಳುವಾಗ ಒಂದು ಸಣ್ಣ ಸಂಗತಿಯನ್ನು ದಾಖಲಿಸಿದ್ದಾನೆ. ಹುಲ್ಲು, ಮೇವು ತರಲು ಮೊಗಲರ ಪಾಳೆಯದಿಂದ ಹೊರಗೆ ಬಂದವರು ವಿಜಾಪುರದವರ ಕೈಗೆ ಸಿಕ್ಕರೆ ಅವರನ್ನು ಕೊಲ್ಲದೆ ಮೂಗು ಕೊಯ್ದು ಕಳಿಸುತ್ತಿದ್ದರು. ಅಂಥವರಿಗೆ ಆ ನಾಡಿನ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮವನ್ನು ಕತ್ತರಿಸಿ ಮೂಗಿನ ಗಾಯದ ಮೇಲೆ ಇಳಿಬಿಟ್ಟು, ಹಸಿಮಾಂಸಕ್ಕೆ ಹಸಿಮಾಂಸ ತಾಗುವಂತೆ ತಿರುಚಿ, ಔಷಧಿ ಹಚ್ಚಿ ಅರೆಕೊರೆಯ ಮೂಗೊಂದನ್ನು ಮಾಡಿಕೊಡುತ್ತಿದ್ದರು. ಉಸಿರಾಡಲು ಒಳಗೆ ಏನನ್ನೋ ಇಟ್ಟಿರುತ್ತಿದ್ದರು. ಹುಬ್ಬುಗಳ ನಡುವೆ, ತಿರುಚಿದ ಜಾಗದಲ್ಲಿ, ಸಣ್ಣ ತೂತೊಂದು ಉಳಿಯುತ್ತಿತ್ತು. ಇಂಥ ಮೂಗಿನ ಹಲವರನ್ನು ತಾನು ನೋಡಿದ್ದಾಗಿ ಮನೂಚಿ ಹೇಳುತ್ತಾನೆ. ವಿಜಾಪುರ ಶರಣಾದದ್ದು 1686ರಲ್ಲಿ. ಪುಣೆಯ ಪತ್ರಕ್ಕಿಂತ ನೂರು ವರ್ಷಕ್ಕೂ ಹಿಂದಿನ ಮಾತು ಇದು. ವಿಲಿಯಂ ಅರ್ವಿನ್ 1907–08ರಲ್ಲೇ ಗ್ರಂಥವನ್ನು ಇಂಗ್ಲಿಷಿಗೆ ತಂದು ಎಲ್ಲರ ಕೈಗೆ ಸಿಗುವಂತೆ ಮಾಡಿದರು. ಆದರೂ ನಮ್ಮ ಚರಿತ್ರೆಕಾರರಲ್ಲಿ ಹೆಚ್ಚಿನವರು ಸುಶ್ರುತನಿಂದ ನೇರ ಕೌಸ್‌ಜಿಗೆ ಜಿಗಿಯುತ್ತಾರೆ.

ಮನೂಚಿಯನ್ನು ನಂಬಬಹುದೇ ಎಂಬ ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಮೊಗಲರ ಅಂತಃಪುರದ ಬಗ್ಗೆ ಆತ ಬರೆದ ಎಷ್ಟೋ ಸಂಗತಿಗಳು ಬಜಾರಿನ ಗಾಳಿಸುದ್ದಿ. ಆದರೆ ಒಬ್ಬ ಲೇಖಕನ ಎಲ್ಲ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಂಶೋಧನೆಯ ರೀತಿಯಲ್ಲ. ಈ ಉಲ್ಲೇಖವನ್ನು ಅದರಷ್ಟಕ್ಕೇ ಪರೀಕ್ಷಿಸೋಣ.

ಮೊದಲನೆಯದಾಗಿ, ಯುರೋಪಿನ ಪುಸ್ತಕದಿಂದ ಎತ್ತಿಕೊಂಡದ್ದಾಗಿದ್ದರೆ ಇಲ್ಲಿ ಹಣೆ ಇರುತ್ತಿರಲಿಲ್ಲ. ಆ ಕಾಲದ ಯುರೋಪಿಗೆ ಗೊತ್ತಿದ್ದ ಹೆಸರಾಂತ ವಿಧಾನ ಬೊಲೋನ್ಯದ ತಾಲ್ಯಾಕೋತ್ಸಿ 1597ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಚರ್ಮ ಬರುವುದು ತೋಳಿನಿಂದ, ರೋಗಿಯ ತೋಳನ್ನು ವಾರಗಟ್ಟಲೆ ಮುಖಕ್ಕೆ ಕಟ್ಟಿಡಬೇಕು. ಇಟಲಿಯಿಂದ ಬಂದವನು ಕಥೆ ಕಟ್ಟುವುದಾದರೆ ತೋಳಿನ ಕಥೆ ಕಟ್ಟುತ್ತಿದ್ದ. ಎರಡನೆಯದಾಗಿ, ಸುಳ್ಳು ಹೇಳುವವನು ಪವಾಡವನ್ನು ವರ್ಣಿಸುತ್ತಾನೆ; ಮನೂಚಿ ವರ್ಣಿಸುವುದು ಅಪೂರ್ಣ ಮೂಗನ್ನು, ಮೂಗೇ ಇಲ್ಲದಿರುವುದಕ್ಕಿಂತ ಮೇಲು ಎನ್ನುವಷ್ಟು ಮಟ್ಟಿಗೆ ಮಾತ್ರ. ಸ್ವತಃ ವೈದ್ಯವೃತ್ತಿ ಮಾಡಿದವನ ಕಣ್ಣು ಇಲ್ಲಿ ಕೆಲಸ ಮಾಡಿದೆ.

ಮೂರನೆಯದು ಆ ತೂತು. ಇಡೀ ವಾದ ನಿಲ್ಲುವುದು ಅದರ ಮೇಲೆ. ಹಣೆಯ ಚರ್ಮವನ್ನು ತಿರುಚಿ ಇಳಿಸಿದಾಗ ಹುಬ್ಬುಗಳ ನಡುವೆ ತೊಟ್ಟು ಸೇತುವೆಯಂತೆ ನಿಲ್ಲುತ್ತದೆ, ಕೆಳಗೆ ಪೊಳ್ಳು ಉಳಿಯುತ್ತದೆ. ಈ ಚಿಕಿತ್ಸೆಯನ್ನು ಮಾಡಿದವರಿಗೆ, ಇಲ್ಲವೆ ಮಾಡಿಸಿಕೊಂಡವರ ಮುಖವನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ತಿಳಿಯುವ ವಿವರ ಇದು. ತೊಟ್ಟನ್ನು ಕತ್ತರಿಸಿ ಬುಡವನ್ನು ಸರಿಪಡಿಸಿದ್ದರೆ ಆ ಪೊಳ್ಳು ಇರುತ್ತಿರಲಿಲ್ಲ. ಮನೂಚಿ ಅದನ್ನು ಗಾಯ ಮಾಯುವ ಮೊದಲಿನ ಸ್ಥಿತಿ ಎನ್ನದೆ, ಉಳಿದುಹೋಗುವ ಗುರುತೆಂದೇ ಬರೆದಿದ್ದಾನೆ. ತೊಟ್ಟು ಕತ್ತರಿಸುವ ಮಾತನ್ನು ಎಲ್ಲೂ ಎತ್ತಿಲ್ಲ. ಮೌನವೊಂದನ್ನೇ ಆಧಾರ ಮಾಡಿಕೊಳ್ಳಬಾರದು, ಒಪ್ಪುತ್ತೇನೆ. ಆದರೆ ಮೌನವೂ ತೂತೂ ಒಂದೇ ದಿಕ್ಕಿಗೆ ಬೆರಳು ತೋರುತ್ತಿರುವಾಗ, ವಿಜಾಪುರದ ಕಡೆಯ ಶಸ್ತ್ರವೈದ್ಯರು ತೊಟ್ಟನ್ನು ಹಾಗೆಯೇ ಬಿಡುತ್ತಿದ್ದರು, 25ನೆಯ ದಿನದ ಎರಡನೆಯ ಹಂತ ಪುಣೆಯ ವಿವರದಲ್ಲಿ ಕಾಣುವ ಮುಂದಿನ ಸುಧಾರಣೆ ಎಂದು ತಿಳಿಯುವುದೇ ಹೆಚ್ಚು ಸಮಂಜಸ. ಅಂದರೆ ಈ ವಿದ್ಯೆ ಹಾಗೆಯೇ ಉಳಿದು ಬಂದದ್ದಲ್ಲ, ನೂರು ಚಿಲ್ಲರೆ ವರ್ಷದಲ್ಲೇ ಬೆಳೆದದ್ದು.

ಬೆಳೆಯಲು ಕಾರಣವೂ ದಖ್ಖನಿನ ಯುದ್ಧಗಳಲ್ಲೇ ಇದೆ. ಕಂಠೀರವ ನರಸರಾಜ ಒಡೆಯರ ಕೊನೆಗಾಲದಲ್ಲಿ ಮೈಸೂರು ಸೈನ್ಯ ಮಧುರೆಯ ನಾಡಿಗೆ ನುಗ್ಗಿ ಜನರ ಮೂಗನ್ನೂ ಮೇಲ್ತುಟಿಯನ್ನೂ ಕೊಯ್ದದ್ದು ಅಲ್ಲಿನ ಜೆಸ್ಯೂಟ್ ಪಾದ್ರಿಗಳ ಪತ್ರಗಳಿಂದ ತಿಳಿಯುತ್ತದೆ. ಅದರ ಮುಂದಿನ ಪೀಳಿಗೆಯಲ್ಲಿ ವಿಜಾಪುರ, ಮತ್ತೆ ನೂರು ವರ್ಷಕ್ಕೆ ಶ್ರೀರಂಗಪಟ್ಟಣ. ಈ ಕ್ರೌರ್ಯವನ್ನು ನಮ್ಮವರದೆಂದು ಮುಚ್ಚಿಡುವವರೂ, ಒಬ್ಬ ಟಿಪ್ಪುವಿನ ತಲೆಗೆ ಮಾತ್ರ ಕಟ್ಟುವವರೂ ಚರಿತ್ರೆಗೆ ಸಮನಾಗಿ ಅನ್ಯಾಯ ಮಾಡುತ್ತಾರೆ. ಮೂಗು ಕೊಯ್ಯುವುದು ಎಲ್ಲ ದಂಡುಗಳ ರೂಢಿಯಾಗಿದ್ದ ನಾಡಿನಲ್ಲೇ ಮೂಗು ಕಟ್ಟುವ ಕೈಗಳೂ ಪಳಗಿದವು.

ಆ ಕೈಗಳು ಯಾರವು ಎಂಬುದರಲ್ಲಿ ನನ್ನ ಪಕ್ಷಪಾತವನ್ನು ಮರೆಮಾಚುವುದಿಲ್ಲ. ಪುಣೆಯ ಪತ್ರ ಹೇಳುವುದು ಇಟ್ಟಿಗೆ ಮಾಡುವವನನ್ನು, ಮನೂಚಿ ಹೇಳುವುದು ಆ ನಾಡಿನ ಶಸ್ತ್ರವೈದ್ಯರನ್ನು. ಇಬ್ಬರೂ ಗ್ರಂಥ ಓದಿದ ಪಂಡಿತರನ್ನು ಹೆಸರಿಸುವುದಿಲ್ಲ. ಹಣೆಗೆ ಹೋಗುವ, ತಿರುಚುವ, 25 ದಿನ ಕಾಯುವ ತೀರ್ಮಾನಗಳು ಇಂಥ ಕೆಲಸಗಾರರವು. ಎಲ್ಲವನ್ನೂ ಸುಶ್ರುತನ ಹೆಸರಿಗೆ ಬರೆದುಬಿಟ್ಟರೆ ಅವರ ಪಾಲು ಅಳಿಸಿಹೋಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಬಾಯಿಯ ಕ್ಯಾನ್ಸರ್ ಕತ್ತರಿಸಿದ ಮೇಲೆ ಒಳಗಿನ ಗಾಯ ಮುಚ್ಚಲು ಇದೇ ಹಣೆಯ ಚರ್ಮವನ್ನು ಬಳಸಿದರು; 1963ರಲ್ಲಿ ಇಯಾನ್ ಮೆಕ್‌ಗ್ರೆಗರ್ ಅದನ್ನು ವಿವರಿಸಿ ಬರೆದರು. ಆ ಪುಟಗಳ ಹಿಂದೆ ನಿಲ್ಲಬೇಕಾದ ಹೆಸರಿಲ್ಲದ ಪೂರ್ವಿಕರು ಇವರೇ.

ವಿಜಾಪುರ, ಕಲಬುರಗಿ, ಬೀದರ ಸೀಮೆಯ ಹಳೆಯ ಹಕೀಮರ, ನಾಟಿ ವೈದ್ಯರ ಮನೆಗಳಲ್ಲಿ ಫಾರಸಿ, ದಖ್ಖನಿ, ಮೋಡಿ, ಕನ್ನಡ ಬರಹದ ಕಟ್ಟುಗಳಿದ್ದರೆ, ಮೂಗು, ತುಟಿ, ಗಾಯದ ಚಿಕಿತ್ಸೆಯ ಬಗ್ಗೆ ಒಂದು ಸಾಲಿದ್ದರೂ ಸಾಕು, ದಯವಿಟ್ಟು ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ತೋರಿಸಿ. ಪಠ್ಯಪುಸ್ತಕ ಬರೆಯುವವರು ಅಲ್ಲಿಯವರೆಗೆ ಮೊದಲ ಅಧ್ಯಾಯದಲ್ಲಿ ಕೆನ್ನೆಯನ್ನು ಸುಶ್ರುತನಿಗೂ ಹಣೆಯನ್ನು ವಿಜಾಪುರಕ್ಕೂ ಕೊಡಲಿ.