ಕಬಿನಿಯ ಡೇರೆ, ಕಾಕನಕೋಟೆಯ ಬಿಡಾರ

ಹೋದ ತಿಂಗಳು ಆಫೀಸಿನಲ್ಲಿ ಒಂದು ಮಹತ್ಕಾರ್ಯ ನನ್ನ ತಲೆಗೆ ಬಿತ್ತು. ಟೀಮಿನ ಹನ್ನೊಂದು ಜನಕ್ಕೆ ಬೇಸಿಗೆಯಲ್ಲಿ ಎರಡು ದಿನದ ಟ್ರಿಪ್ ಗೊತ್ತುಮಾಡಬೇಕು. ಷರತ್ತುಗಳು ಇಷ್ಟೇ: ಸುತ್ತ ಕಾಡಿರಬೇಕು, ಎದುರಿಗೆ ನದಿಯೋ ಕೆರೆಯೋ ಇರಬೇಕು, ಡೇರೆಯಲ್ಲೇ ಮಲಗಬೇಕು. ಆದರೆ ಡೇರೆಯೊಳಗೆ ಮಂಚ, ಮೆತ್ತನೆ ಹಾಸಿಗೆ, ಬಿಸಿನೀರು ಎಲ್ಲಾ ಇರಬೇಕು. ಕಾಡೂ ಬೇಕು, ಕಮೋಡೂ ಬೇಕು :) ಇದಕ್ಕೆ ಗ್ಲ್ಯಾಂಪಿಂಗ್ ಅಂತ ಹೆಸರು.

ಇಂಥ ಕೆಲಸ ಬಂದರೆ ನನ್ನಂಥ ಇಂಜಿನಿಯರ್ ಮೊದಲು ಮಾಡೋದು ಒಂದು ಎಕ್ಸೆಲ್ ಶೀಟು. ನಾಗಸಂದ್ರದಿಂದ ಎಷ್ಟು ದೂರ, ತಲೆಗೆ ಎಷ್ಟು ಖರ್ಚು, ಊಟ ಹೇಗೆ... ಭೀಮೇಶ್ವರಿ, ದಾಂಡೇಲಿ, ಭದ್ರಾ ಹಿನ್ನೀರು ಒಂದೊಂದೇ ಅಳಿಸಿಹೋಗಿ ಕೊನೆಗೆ ಉಳಿದದ್ದು ಕಬಿನಿ. ಮಾದಾವರದ ಹತ್ತಿರ ನೈಸ್ ರಸ್ತೆ ಹತ್ತಿಬಿಟ್ಟರೆ ಊರೊಳಗಿನ ಟ್ರಾಫಿಕ್ ತಪ್ಪುತ್ತೆ. ಆಮೇಲೆ ಮೈಸೂರು, ಎಚ್.ಡಿ.ಕೋಟೆ, ಅಂತರಸಂತೆ, ಕಾರಾಪುರ. ಮೀಟಿಂಗಿನಲ್ಲಿ ನಾನು ಉತ್ಸಾಹದಿಂದ 'ಮನುಷ್ಯರು ಮುಟ್ಟದ ಪ್ರಕೃತಿ, ಕೆರೆಯ ದಡದಲ್ಲಿ ಆನೆಗಳ ಹಿಂಡು' ಅಂತೆಲ್ಲ ವರ್ಣಿಸುತ್ತಿದ್ದೆ. ನಮ್ಮ ಟೀಮಿನಲ್ಲಿ ಎಚ್.ಡಿ.ಕೋಟೆ ಕಡೆಯ ಹುಡುಗನೊಬ್ಬ ಇದ್ದಾನೆ. ನಾವು ಅವನನ್ನು 'ಕೋಟೆ' ಅಂತಲೇ ಕರೆಯೋದು. ಅವನು ನಕ್ಕುಬಿಟ್ಟ.

"ಯಾವ ಮುಟ್ಟದ ಪ್ರಕೃತಿ ಗುರೂ? ನಮ್ಮವ್ವ ಹುಟ್ಟಿದ ಊರು ಆ ನೀರ ಕೆಳಗದೆ."

ಮೀಟಿಂಗ್ ಮುಗೀತು, ನನ್ನ ತಲೆಯಲ್ಲಿ ಆ ಮಾತು ಮಾತ್ರ ಮುಗೀಲಿಲ್ಲ. ಎರಡು ವಾರ ರಾತ್ರಿ ಹೊತ್ತು ಸಿಕ್ಕಿದ್ದನ್ನೆಲ್ಲ ಓದಿದೆ. ಟ್ರಿಪ್ ಪ್ಲಾನು ಮಾಡಲು ಹೊರಟವನು ಚರಿತ್ರೆಯಲ್ಲಿ ಸಿಕ್ಕಿಹಾಕಿಕೊಂಡ ಕಥೆ ಇದು.

ಕಬಿನಿ ಅಂದರೆ ನಮ್ಮ ನಂಜನಗೂಡಿನ ಕಪಿಲೆಯೇ. ವಯನಾಡಿನಲ್ಲಿ ಹುಟ್ಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುವ ನದಿ. ಇದರ ದಡ ಯಾವತ್ತೂ ನಿರ್ಜನವಾಗಿರಲಿಲ್ಲ. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ ಈ ನದಿಯ ದಂಡೆಯ ಕಿತ್ತೂರೇ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಎರಡನೇ ಶತಮಾನದ ಟಾಲೆಮಿ ಕೂಡ ಪುನ್ನಾಟದ ಹೆಸರು ಹೇಳಿ, ಅಲ್ಲಿ ಬೆರಿಲ್ ಎಂಬ ಹರಳು ಸಿಗುತ್ತದೆ ಅಂತ ಬರೆದಿದ್ದಾನೆ. ಅದರ ಮೇಲುಭಾಗದ ಕಾಡು ಕಾಕನಕೋಟೆ. ಈ ಹೆಸರು ಕೇಳಿದ ತಕ್ಷಣ ನಮಗೆ ಮಾಸ್ತಿಯವರ ನಾಟಕ, ಅದನ್ನೇ ಇಟ್ಟುಕೊಂಡು ಸಿ.ಆರ್. ಸಿಂಹ 1977ರಲ್ಲಿ ಮಾಡಿದ ಸಿನಿಮಾ ನೆನಪಾಗುತ್ತೆ. ಕಾಕ ಅಲ್ಲಿ ಕಾಡುಕುರುಬರ ನಾಯಕ. ನನಗೆ ಸಿನಿಮಾದ ಹಾಡುಗಳು ಗೊತ್ತಿದ್ದವೇ ಹೊರತು, ಆ ಜಾಗ ಭೂಪಟದಲ್ಲಿ ಎಲ್ಲಿದೆ ಅಂತ ಹುಡುಕುವ ಯೋಚನೆಯೇ ಬಂದಿರಲಿಲ್ಲ.

ಕಾಕನಕೋಟೆಗೆ ಜಗತ್ತಿನಲ್ಲಿ ಹೆಸರು ತಂದದ್ದು ಖೆಡ್ಡಾ. ಹೈದರಾಲಿ ಇಲ್ಲಿ ಆನೆ ಹಿಡಿಸಲು ಹೋಗಿ ಸೋತ, ಇನ್ನು ಮುಂದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದು ಅಂತ ಶಾಪ ಹಾಕಿ ಹೋದ ಅನ್ನೋ ಕಥೆಯಿದೆ. ಶಾಪಕ್ಕೆ ಹೆದರದೆ ಕೈಹಾಕಿದವನು ಜಿ.ಪಿ. ಸ್ಯಾಂಡರ್ಸನ್. ಆತ ಮೈಸೂರು ಸೀಮೆಯ ನಾಲೆಗಳನ್ನು ನೋಡಿಕೊಳ್ಳುತ್ತಿದ್ದ ನೀರಾವರಿ ಅಧಿಕಾರಿ. (ನೋಡಿ, ಕೆಲಸ ಬಿಟ್ಟು ಬೇರೆ ಉಸಾಬರಿಗೆ ಹೋಗೋದು ನಮ್ಮ ಕಾಲದ ಇಂಜಿನಿಯರುಗಳಿಂದ ಶುರುವಾದದ್ದಲ್ಲ!) 1874ರಲ್ಲಿ ಚಾಮರಾಜನಗರದ ಕಡೆ ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆ ಹಿಡಿಸಿದ. 1878ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಬರೆದ. ಕಿಪ್ಲಿಂಗನ ಆನೆ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬ ಇವನೇ ಅಂತ ಹೇಳುವುದುಂಟು.

ಆಮೇಲೆ ಕಾಕನಕೋಟೆಯಲ್ಲಿ ಬಂದದ್ದು ನದಿಯ ಖೆಡ್ಡಾ. ಕಾಡಿನಲ್ಲಿರುವ ಹಿಂಡನ್ನು ನೂರಾರು ಜನ ದಿನಗಟ್ಟಲೆ ಸುತ್ತುವರಿದು, ರಾತ್ರಿ ಬೆಂಕಿ ಹಾಕಿ ಕಾಯ್ದು, ತಮಟೆ ಬಡಿಯುತ್ತಾ ನಿಧಾನವಾಗಿ ಹೊಳೆಯ ಕಡೆಗೆ ತಳ್ಳಬೇಕು. ಹಿಂಡು ನೀರಿಗಿಳಿದಾಗ ಪಳಗಿದ ಕುಮ್ಕಿ ಆನೆಗಳು ಹಿಂದಿನಿಂದ ಒತ್ತಿಕೊಂಡು ಬರುತ್ತವೆ. ಆಚೆ ದಡದಲ್ಲಿ ಆಳದ ಕಂದಕ, ದಪ್ಪ ಮರದ ದಿಮ್ಮಿಗಳ ದೊಡ್ಡಿ. ಕೊನೇ ಆನೆ ಒಳಹೋದ ಮೇಲೆ ಮೇಲಿನಿಂದ ಹಗ್ಗ ಕತ್ತರಿಸುತ್ತಾರೆ, ಬಾಗಿಲು ಬೀಳುತ್ತೆ. ಕಾಡಿನ ದಾರಿ ಗೊತ್ತಿದ್ದದ್ದು ಜೇನುಕುರುಬರಿಗೆ, ಬೆಟ್ಟಕುರುಬರಿಗೆ. ಆನೆ ಈಗ ಎಲ್ಲಿದೆ, ಗಾಳಿ ಯಾವ ಕಡೆ ಬೀಸಿದರೆ ಅದು ಯಾವ ಕಡೆ ತಿರುಗುತ್ತೆ ಅಂತ ಹೇಳಬಲ್ಲವರು ಅವರೇ. ಪುಸ್ತಕಗಳಲ್ಲಿ ಮಾತ್ರ ಸಾಹೇಬರ ಹೆಸರುಗಳೇ ಉಳಿದಿವೆ.

ಈಗ ನನ್ನ ಎಕ್ಸೆಲ್ ಶೀಟಿನ ವಿಷಯಕ್ಕೆ ಬರೋಣ. ಈ ಖೆಡ್ಡಾ ನೋಡೋಕೆ ದೊಡ್ಡ ದೊಡ್ಡವರು ಬರುತ್ತಿದ್ದರು. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್, 1906ರಲ್ಲಿ ಮುಂದೆ ಐದನೇ ಜಾರ್ಜ್ ಆದ ಪ್ರಿನ್ಸ್ ಆಫ್ ವೇಲ್ಸ್. ವೈಸರಾಯ್‌ಗಳಂತೂ ಸರಿಯೇ ಸರಿ. ಅವರಿಗಾಗಿ ಕಾಡಿನ ನಡುವೆ ಡೇರೆಗಳ ಒಂದು ಊರೇ ಏಳುತ್ತಿತ್ತು. ಮಲಗೋಕೆ ಒಂದು ಡೇರೆ, ಊಟಕ್ಕೆ ಇನ್ನೊಂದು, ಆನೆ ಹಿಡಿಯೋದನ್ನು ಕೂತು ನೋಡೋಕೆ ಎತ್ತರದ ಅಟ್ಟಣೆ. ಕಾಡು, ಪಕ್ಕದಲ್ಲಿ ನದಿ, ಡೇರೆಯೊಳಗೆ ಅರಮನೆಯ ಸುಖ. ನಮ್ಮ ಟೀಮಿನ ಷರತ್ತುಗಳನ್ನು ಇನ್ನೊಂದು ಸಲ ಓದಿನೋಡಿ! ಗ್ಲ್ಯಾಂಪಿಂಗ್ ಅನ್ನೋದು ಹೊಸ ಪದ ಅಷ್ಟೇ, ಮೈಸೂರು ಅರಮನೆಯವರು ಅದನ್ನು ಬಿಡಾರ ಅಂತ ಕರೆದು ಅದೇ ದಡದಲ್ಲಿ ಮಾಡಿ ಮುಗಿಸಿದ್ದರು.

ಅದೇ ಕಾರಾಪುರದಲ್ಲಿ 1924ರಲ್ಲಿ ಮಾವುತನೊಬ್ಬನ ಮಗ ಹುಟ್ಟಿದ. ಹೆಸರು ಸಾಬು. ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕ ಸಿನಿಮಾ ತೆಗೆಯಲು ಮೈಸೂರಿಗೆ ಬಂದಾಗ ಈ ಹುಡುಗ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು, ಕಿಪ್ಲಿಂಗನ ಅದೇ ಆನೆ ಕಥೆಯ ಸಿನಿಮಾ. ಸಾಬು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಬಂದೂಕು ಹಿಡಿದ. 1963ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಅಲ್ಲೇ ತೀರಿಕೊಂಡ. ಕಾರಾಪುರದ ಹೊಟೆಲುಗಳ ಪಟ್ಟಿ ನೋಡಿ ನೋಡಿ ಕಣ್ಣು ನೋಯಿಸಿಕೊಂಡವನಿಗೆ ಈ ಹೆಸರು ಎಲ್ಲೂ ಕಾಣಲಿಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಖೆಡ್ಡಾ ಎಷ್ಟು ಕ್ರೂರ ಅನ್ನೋದರ ಬಗ್ಗೆ ನನಗೆ ಅನುಮಾನವಿಲ್ಲ, ಸಿಕ್ಕಿಬಿದ್ದು ಸತ್ತ ಆನೆಗಳೂ ಕಡಿಮೆಯೇನಲ್ಲ. ಆದರೆ ಅದು ಪುರಾಣಕಾಲದ್ದು ಅಂತ ಮಾತ್ರ ಅಂದುಕೊಳ್ಳಬೇಡಿ. ದಸರಾದಲ್ಲಿ 750 ಕೆಜಿ ಚಿನ್ನದ ಅಂಬಾರಿಯನ್ನು ಎಂಟು ಸಲ ಹೊತ್ತ ಅರ್ಜುನ ನೆನಪಿದ್ದಾನಲ್ಲ, ಅವನನ್ನು 1968ರಲ್ಲಿ ಹಿಡಿದದ್ದು ಇದೇ ಕಾಕನಕೋಟೆಯ ಖೆಡ್ಡಾದಲ್ಲಿ. ಆಮೇಲೆ ಇಲ್ಲೇ ಬಳ್ಳೆ ಶಿಬಿರದಲ್ಲಿ ಇದ್ದ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಮದವೇರಿದ ಆನೆಯೊಂದರ ಜೊತೆ ಕಾದಾಡುತ್ತಾ ಸತ್ತ. ಕುಮ್ಕಿಗಳ ನಡುವೆ ಸಿಕ್ಕಿಬಿದ್ದ ಮರಿ, ಕೊನೆಗೆ ಕುಮ್ಕಿಯಾಗಿಯೇ ಹೋಯಿತು. ಆ ಸುದ್ದಿ ಬಂದ ದಿನ ನಮ್ಮ ಆಫೀಸಿನಲ್ಲೂ ಒಂದಿಬ್ಬರ ಕಣ್ಣು ಒದ್ದೆಯಾಗಿತ್ತು.

ಖೆಡ್ಡಾ ನಿಂತ ಮೂರು ವರ್ಷಕ್ಕೆ, 1974ರಲ್ಲಿ, ಕಬಿನಿ ಅಣೆಕಟ್ಟು ತುಂಬಿತು. 19.52 ಟಿಎಂಸಿ ನೀರು. ಖೆಡ್ಡಾ ನಡೆದ ಹೊಳೆ, ದೊಡ್ಡಿಯ ಜಾಗ, ಸಾಕಷ್ಟು ಕಾಡು, ಅದರ ಜೊತೆಗೆ ಹಳ್ಳಿಗಳು, ಗದ್ದೆಗಳು ಎಲ್ಲಾ ಒಳಗೆ ಹೋದವು. ಕೋಟೆಯ ಅವ್ವನ ಊರು ಹೋದದ್ದು ಆಗಲೇ. ನಾವು 'ಕೆರೆ' ಅಂತ ಮೋಹಗೊಳ್ಳುತ್ತೇವಲ್ಲ, ಅದಕ್ಕೆ ನಮ್ಮ ಅಪ್ಪ-ಅಮ್ಮಂದಿರಿಗಿಂತ ಕಡಿಮೆ ವಯಸ್ಸು. ಇನ್ನೂ ತಮಾಷೆಯೆಂದರೆ ಆನೆಗಳ ಆ ಪ್ರಸಿದ್ಧ ಸಂತೆ. ಏಪ್ರಿಲ್-ಮೇ ಹೊತ್ತಿಗೆ ನಾಲೆಗೆ ಬಿಟ್ಟೂ ಬಿಟ್ಟೂ ಜಲಾಶಯ ಇಳಿಯುತ್ತೆ, ಹೊರಬಿದ್ದ ಹಸಿ ಮಣ್ಣಿನಲ್ಲಿ ಹುಲ್ಲು ಚಿಗುರುತ್ತೆ. ಕಾಡಿನೊಳಗೆ ಎಲ್ಲಾ ಒಣಗಿರುವಾಗ ನಾಗರಹೊಳೆ, ಬಂಡೀಪುರ, ವಯನಾಡಿನ ಹಿಂಡುಗಳು ನೀರಿಗೂ ಹುಲ್ಲಿಗೂ ಅಲ್ಲಿಗೆ ಬರುತ್ತವೆ. ನಾವು ಕ್ಯಾಮೆರಾ ಹಿಡಿದು ನೋಡುವ ಆ ಹಸಿರು ಬಯಲು ನೀರಾವರಿ ಇಲಾಖೆಯ ಗೇಟಿನ ಲೆಕ್ಕದಲ್ಲಿ ಹುಟ್ಟಿದ್ದು!

ಮುಂದಿನದು ಬೇಗ ಹೇಳಿಬಿಡ್ತೀನಿ. 1980ರಲ್ಲಿ ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಜೊತೆ ಸೇರಿ ಜಂಗಲ್ ಲಾಡ್ಜಸ್ ಶುರುಮಾಡಿತು. ಕಾರಾಪುರದ ಹಳೇ ಬೇಟೆ ಬಂಗಲೆಗಳೇ ಕಬಿನಿ ರಿವರ್ ಲಾಡ್ಜ್ ಆದವು. ಅದನ್ನು ಕಟ್ಟಿ ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್, ಎಲ್ಲರ ಬಾಯಲ್ಲಿ 'ಪಾಪಾ', 2010ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು.

ಆದರೆ ಹಿಂಡಿನ ಜಾಡು ಹಿಡಿಯುತ್ತಿದ್ದವರು ಏನಾದರು? ಅಣೆಕಟ್ಟಿಗೆ ಸ್ವಲ್ಪ, ರಕ್ಷಿತಾರಣ್ಯಕ್ಕೆ ಸ್ವಲ್ಪ ಅಂತ ಹಾಡಿಗಳು ಖಾಲಿಯಾದವು. ಹೈಕೋರ್ಟ್ ನೇಮಿಸಿದ್ದ ಮುಜಾಫರ್ ಅಸಾದಿ ಸಮಿತಿ 2014ರ ವರದಿಯಲ್ಲಿ ಒಕ್ಕಲೆಬ್ಬಿಸಲಾದ 3,418 ಬುಡಕಟ್ಟು ಕುಟುಂಬಗಳನ್ನು ಗುರುತಿಸಿತು. ಇತ್ತ ಜನರನ್ನು ಹೊರಗೆ ಕಳಿಸುತ್ತಿದ್ದಾಗಲೇ ಅತ್ತ ನಾಗರಹೊಳೆಯ ಒಳಗೆ ಮುರ್ಕಲ್‌ನಲ್ಲಿ ತಾಜ್ ಗುಂಪಿನ ಗೇಟ್‌ವೇ ಹೋಟೆಲ್ಸ್‌ಗೆ ಸರ್ಕಾರ ಗುತ್ತಿಗೆ ಕೊಟ್ಟಿತ್ತು. 1996ರಲ್ಲಿ ಹಾಡಿಯ ಜನ ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನಿಗೆ ವಿರುದ್ಧ ಅಂದಿತು, ಹೊಟೆಲ್ ಬರಲಿಲ್ಲ. ಹಾಗಂತ ಹಾಡಿಗಳೂ ವಾಪಸ್ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನುಕುರುಬ ಕುಟುಂಬಗಳು ತಮ್ಮ ಹಳೇ ಜಾಗಕ್ಕೇ ಮರಳಿ ಹೋಗಿ ಗುಡಿಸಲು ಹಾಕಿದ್ದು ಪೇಪರಿನಲ್ಲಿ ಓದಿದ್ದೆ. ಆಗ ಅದು ನನಗೆ ಎಲ್ಲೋ ದೂರದ ಸುದ್ದಿ. ಅವರು ಕಟ್ಟಿದ ಗುಡಿಸಲು ಅತಿಕ್ರಮಣ, ಅದೇ ಕಾಡಿನಂಚಿನಲ್ಲಿ ನಾನು ದುಡ್ಡು ಕೊಟ್ಟು ಮಲಗುವ ಡೇರೆ ಪ್ರವಾಸೋದ್ಯಮ. ಈ ಲೆಕ್ಕ ನನಗಂತೂ ಇವತ್ತಿಗೂ ಸರಿಹೊಂದುತ್ತಿಲ್ಲ. ಜನ ಹೊರಗೆ ಹೋದ ಮೇಲೆ ಹುಲಿ ಹೆಚ್ಚಿದ್ದು ನಿಜ. ಕಬಿನಿ ನೀರಿನಿಂದ ಕೆಳಗಿನ ರೈತರು ಬತ್ತ ಬೆಳೆದದ್ದೂ ನಿಜ. ನಾನು ಉಣ್ಣುವ ಅನ್ನವೂ ಅಲ್ಲಿಂದಲೇ ಬಂದಿರಬಹುದು.

ಇಷ್ಟೆಲ್ಲ ಓದಿ ಟ್ರಿಪ್ ಕ್ಯಾನ್ಸಲ್ ಮಾಡೋಣ ಅಂತ ಕೋಟೆಯ ಹತ್ತಿರ ಹೋದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಯಾಕೋ ಕ್ಯಾನ್ಸಲ್ಲು? ಏಪ್ರಿಲ್ ಕೊನೇ ವಾರಕ್ಕೆ ಇಡು. ನೀರು ಇಳಿದಿರ್ತದೆ. ನಮ್ಮವ್ವನೂ ಬರ್ತೀನಿ ಅಂತಾವ್ಳೆ. ಊರು ಬಿಟ್ಟಾಗ ಎಂಟು ವರ್ಷ ಅಂತೆ. ರೆಸಾರ್ಟಿನ ದಡದಿಂದ ಒಂದು ಸಲಾನೂ ನೋಡಿಲ್ಲ."

ಡೇರೆಯಲ್ಲಿ ಮಲಗೋಕೆ ಒಂದು ರಾತ್ರಿಗೆ ಇಷ್ಟು ಅಂತ ಹೇಳಿದ್ದಕ್ಕೆ ಆ ತಾಯಿ, "ಊರು ಬಿಟ್ಟ ವರ್ಷ ನಾವೂ ಡೇರೆಲೇ ಇದ್ದೋ, ನಮಗ್ಯಾರೂ ದುಡ್ಡು ಕೇಳ್ಲಿಲ್ಲ" ಅಂದರಂತೆ.

ಎಕ್ಸೆಲ್ ಶೀಟಿನಲ್ಲಿ ಈಗ ಹನ್ನೆರಡು ಹೆಸರು. ಬೆಳಗಿನ ದೋಣಿಯಲ್ಲಿ ಮುಂದಿನ ಸೀಟು ಅವರಿಗೆ ಅಂತ ಬರೆದಿಟ್ಟಿದ್ದೇನೆ.