ಆರಂಭಿಕ ಇಸ್ಲಾಮೀ ಆಳ್ವಿಕೆಗೆ ಪರಿವರ್ತನೆಯ ಕಾಲದ ಜನವಸತಿ ಮತ್ತು ಭೂಬಳಕೆ (ಕ್ರಿ.ಶ. 630–750)

ಪಹಣಿ, ಖಾತೆ ಬದಲಾವಣೆ ಮುಂತಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ದಿನನಿತ್ಯ ಬಳಸುವ ಹಕ್ಕು, ಬಾಕಿ, ವಸೂಲಿ, ಕಿಸ್ತು, ಖರಾಬು ಎಂಬ ಪದಗಳು ಅರಬ್ಬೀ ಮೂಲದವು. ಇವು ಪರ್ಷಿಯನ್ ಆಡಳಿತ ಭಾಷೆಯ ಮೂಲಕ ದಖ್ಖನ್ನಿಗೆ ಬಂದು ಕನ್ನಡದ ಕಂದಾಯ ದಾಖಲೆಗಳಲ್ಲಿ ನೆಲೆಯೂರಿವೆ. ದಫ್ತರ ಮತ್ತು ಕಾನೂನು ಎಂಬ ಪದಗಳು ಇನ್ನೂ ಹಿಂದಕ್ಕೆ ಹೋದರೆ ಗ್ರೀಕ್ ಭಾಷೆಗೆ ಸೇರಿದವು. ಗ್ರೀಕ್ ಮತ್ತು ಪರ್ಷಿಯನ್ ಕಚೇರಿಗಳ ದಾಖಲೆಗಳು ಅರಬ್ಬೀ ಕಚೇರಿಗಳ ವಶಕ್ಕೆ ಬಂದ ಕಾಲದಲ್ಲಿ ಈಜಿಪ್ಟ್, ಸಿರಿಯಾ, ಪ್ಯಾಲೆಸ್ಟೈನ್ ಮತ್ತು ಇರಾಕ್‌ಗಳ ಹಳ್ಳಿ ಹಾಗೂ ಹೊಲಗಳ ಸ್ಥಿತಿ ಏನಾಯಿತು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಕ್ರಿ.ಶ. 636ರ ಯರ್ಮೂಕ್ ಕದನದ ನಂತರ ಸಿರಿಯಾ ಪ್ರಾಂತ್ಯವು ಬೈಜಾಂಟಿಯನ್ ಚಕ್ರಾಧಿಪತ್ಯದ ಕೈತಪ್ಪಿತು. ಇದೇ ಸುಮಾರಿಗೆ ಕಾದಿಸಿಯಾ ಕದನದಲ್ಲಿ ಸಸಾನಿಯನ್ನರು ಸೋತು ಇರಾಕ್ ಅರಬ್ಬರ ವಶವಾಯಿತು. 639ರಿಂದ 642ರ ಅವಧಿಯಲ್ಲಿ ಈಜಿಪ್ಟ್ ಸಹ ಸೇರ್ಪಡೆಯಾಯಿತು. ಈ ಸೀಮೆಗಳು ಅದಕ್ಕೆ ಮೊದಲೇ ಬಹಳ ನೊಂದಿದ್ದವು ಎಂಬುದನ್ನು ಗಮನಿಸತಕ್ಕದ್ದು. 541ರಲ್ಲಿ ಕಾಣಿಸಿಕೊಂಡ ಪ್ಲೇಗ್ ಮತ್ತೆ ಮತ್ತೆ ಮರುಕಳಿಸಿತ್ತು. 7ನೆಯ ಶತಮಾನದ ಆರಂಭದಲ್ಲಿ ಪರ್ಷಿಯನ್ ಸೇನೆಯು ಸಿರಿಯಾ ಮತ್ತು ಈಜಿಪ್ಟ್‌ಗಳನ್ನು ಹಲವು ವರ್ಷ ಆಕ್ರಮಿಸಿಕೊಂಡಿತ್ತು. ಆದುದರಿಂದ ಈ ಕಾಲದ ಪ್ರತಿಯೊಂದು ಪಾಳುಮನೆಯನ್ನೂ ಅರಬ್ಬರ ವಿಜಯದ ಲೆಕ್ಕಕ್ಕೆ ಬರೆಯುವುದು ಸರಿಯಾಗಲಾರದು.

65 ಕುರಿಗಳ ರಸೀದಿ

ಆಳ್ವಿಕೆ ಬದಲಾದಾಗ ಕೆಳಹಂತದಲ್ಲಿ ಏನು ನಡೆಯಿತು ಎಂಬುದಕ್ಕೆ ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಒಂದು ಪ್ಯಾಪಿರಸ್ ಹಾಳೆ ಉತ್ತಮ ಸಾಕ್ಷ್ಯವಾಗಿದೆ. ಇದು ಹಿಜರಿ 22ನೆಯ ವರ್ಷದ, ಅಂದರೆ ಕ್ರಿ.ಶ. 643ರ ಏಪ್ರಿಲ್ ತಿಂಗಳ ರಸೀದಿ. ಈಜಿಪ್ಟಿನ ಹೆರಾಕ್ಲಿಯೊಪೊಲಿಸ್ ಜಿಲ್ಲೆಯ ಮುಖ್ಯಸ್ಥರಾದ ಕ್ರಿಸ್ಟೊಫೊರಸ್ ಮತ್ತು ಥಿಯೊಡೊರಾಕಿಯಸ್ ಎಂಬುವರಿಂದ ಅರಬ್ ಸೇನಾನಾಯಕ ಅಬ್ದುಲ್ಲಾ ಇಬ್ನ್ ಜಾಬಿರ್ ಎಂಬಾತನು 65 ಕುರಿಗಳನ್ನು ಪಡೆದಿರುವುದಾಗಿ ಅದರಲ್ಲಿ ನಮೂದಿಸಲಾಗಿದೆ. ರಸೀದಿಯ ಒಕ್ಕಣೆ ಗ್ರೀಕ್ ಮತ್ತು ಅರಬ್ಬೀ ಎರಡೂ ಭಾಷೆಗಳಲ್ಲಿದ್ದು, ಎರಡಕ್ಕೂ ಬೇರೆ ಬೇರೆ ಲಿಪಿಕಾರರಿದ್ದಾರೆ. ಹಾಳೆಯ ಹಿಂಬದಿಯಲ್ಲಿ, ಈ ಕುರಿಗಳನ್ನು ಜಿಲ್ಲೆಯ ತೆರಿಗೆ ಬಾಬಿಗೆ ಜಮಾ ಮಾಡಿಕೊಳ್ಳತಕ್ಕದ್ದೆಂದು ಗ್ರೀಕಿನಲ್ಲಿ ಬರೆಯಲಾಗಿದೆ.

ಸೇನೆಯು ಕುರಿಗಳನ್ನು ಸುಮ್ಮನೆ ಹೊಡೆದುಕೊಂಡು ಹೋಗಬಹುದಾಗಿತ್ತು. ಹಾಗೆ ಮಾಡದೆ ರಸೀದಿ ಬರೆದುಕೊಟ್ಟು, ಅದನ್ನು ತೆರಿಗೆಗೆ ವಜಾ ಹಾಕಿರುವುದು ಲೆಕ್ಕಪತ್ರ ಬಲ್ಲ ಯಾರಿಗಾದರೂ ಅರ್ಥವಾಗುವ ಸಂಗತಿ. ಹಳೆಯ ಜಿಲ್ಲೆ, ಹಳೆಯ ಅಧಿಕಾರಿಗಳು, ಹಳೆಯ ತೆರಿಗೆ ವರ್ಷ ಎಲ್ಲವೂ ಮುಂದುವರಿದಿದ್ದವು. ಹಣ ಮತ್ತು ಧಾನ್ಯ ತಲುಪಬೇಕಾದ ಸ್ಥಳ ಮಾತ್ರ ಬದಲಾಗಿತ್ತು.

ಭೂಮಿ ಯಾರಿಗೆ ಸೇರಿತು?

ಇರಾಕಿನ ಸವಾದ್ ಎಂಬ ಫಲವತ್ತಾದ ನದೀಬಯಲಿನ ವಿಷಯದಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದಿತು. ಗೆದ್ದ ಯೋಧರಿಗೆ ಹೊಲಗಳನ್ನು ಹಂಚಬೇಕೆಂಬ ಬೇಡಿಕೆಯನ್ನು ಖಲೀಫ ಉಮರ್ (634–644) ಒಪ್ಪಲಿಲ್ಲವೆಂದು ಪರಂಪರೆಯ ವೃತ್ತಾಂತಗಳು ತಿಳಿಸುತ್ತವೆ. ಸಾಗುವಳಿದಾರರನ್ನು ಭೂಮಿಯಲ್ಲಿಯೇ ಉಳಿಸಿ, ಭೂಕಂದಾಯ ವಿಧಿಸಿ, ಅದರ ಹುಟ್ಟುವಳಿಯಿಂದ ಯೋಧರಿಗೆ ವೇತನ ನೀಡಲು ದಿವಾನ್ ಎಂಬ ದಾಖಲೆಪಟ್ಟಿಯನ್ನು ಆರಂಭಿಸಲಾಯಿತು. ಉಸ್ಮಾನ್ ಇಬ್ನ್ ಹುನೈಫ್ ಎಂಬುವರು ಭೂಮಾಪನ ನಡೆಸಿದರೆಂದೂ, ಗೋಧಿ ಬೆಳೆಯುವ ಪ್ರತಿ ಜರೀಬ್‌ಗೆ 4 ದಿರ್ಹಮ್, ಬಾರ್ಲಿಗೆ 2 ದಿರ್ಹಮ್ ನಿಗದಿಯಾಯಿತೆಂದೂ ಒಂದು ವೃತ್ತಾಂತವಿದೆ. (ಜರೀಬ್ ಎಂದರೆ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕದಂತೆ ಸುಮಾರು 16 ಗುಂಟೆ.) ಬೇರೆ ವೃತ್ತಾಂತಗಳಲ್ಲಿ ದರಗಳು ಬೇರೆಯಾಗಿವೆ. ಇವೆಲ್ಲವೂ ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ, ಖಲೀಫ ಹಾರೂನ್ ಅಲ್-ರಶೀದ್‌ಗಾಗಿ ಕಂದಾಯ ಗ್ರಂಥ ರಚಿಸಿದ ಅಬೂ ಯೂಸುಫ್ (ಮರಣ 798) ಮುಂತಾದವರು ದಾಖಲಿಸಿದವುಗಳಾದ್ದರಿಂದ, ತಮ್ಮ ಕಾಲದ ಪದ್ಧತಿಗೆ ಹಿಂದಿನವರ ಮೊಹರು ಒತ್ತಿರುವ ಸಾಧ್ಯತೆಯನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ.

ಹಳ್ಳಿಗಳು ಬರಿದಾದವೇ?

ಉತ್ತರ ಸಿರಿಯಾದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ನೂರಾರು ಪಾಳುಹಳ್ಳಿಗಳಿವೆ. ಎಣ್ಣೆ ತೆಗೆಯಲು ಆಲಿವ್ ಬೆಳೆದು ಹೊರದೇಶಗಳಿಗೆ ಮಾರುತ್ತಿದ್ದ ಈ ಹಳ್ಳಿಗಳು ಅರಬ್ಬರ ವಿಜಯದಿಂದ ಮಾರುಕಟ್ಟೆ ಕಳೆದುಕೊಂಡು ನಾಶವಾದವು ಎಂದು ಜಾರ್ಜ್ ಚಲೆಂಕೊ ಅವರು 1950ರ ದಶಕದಲ್ಲಿ ಪ್ರತಿಪಾದಿಸಿದರು. ಈ ಅಭಿಪ್ರಾಯ ಬಹುಕಾಲ ಮಾನ್ಯವಾಗಿತ್ತು. ಆದರೆ ಅಲ್ಲಿನ ದೆಹೆಸ್ ಎಂಬ ಹಳ್ಳಿಯಲ್ಲಿ ನಂತರ ನಡೆದ ಉತ್ಖನನವು, ಮನೆಗಳಲ್ಲಿ 8–9ನೆಯ ಶತಮಾನದವರೆಗೂ ಜನರು ವಾಸವಿದ್ದರೆಂದು ತೋರಿಸಿತು. ಜೋರ್ಡಾನ್‌ನ ಪೆಲ್ಲಾ ಮತ್ತು ಜೆರಾಶ್‌ಗಳಲ್ಲಿಯೂ ಇದೇ ಚಿತ್ರಣ ದೊರೆತಿದೆ. ಜೋರ್ಡಾನ್‌ನ ಉಮ್ ಅಲ್-ರಸಾಸ್‌ನಲ್ಲಿ 8ನೆಯ ಶತಮಾನದಲ್ಲಿಯೂ ಚರ್ಚಿಗೆ ಹೊಸ ಚಿತ್ತಾರದ ನೆಲ ಹಾಸಲಾಗಿದೆ. ಹಾಗೆ ಖರ್ಚು ಮಾಡುವ ಶಕ್ತಿ ಇದ್ದ ಊರನ್ನು ಬರಿದಾದ ಊರೆಂದು ಕರೆಯಲಾಗದು.

ಹಾಗೆಂದು ಎಲ್ಲವೂ ಸುಗಮವಾಗಿತ್ತೆಂದು ಭಾವಿಸತಕ್ಕದ್ದಲ್ಲ. ನಷ್ಟ ಅನುಭವಿಸಿದ ಊರುಗಳೂ ಇದ್ದವು. ಪಟ್ಟಣಗಳ ಅಗಲವಾದ ಕಂಬಸಾಲಿನ ಬೀದಿಗಳಲ್ಲಿ ಅಂಗಡಿಗಳು ಒತ್ತುವರಿ ಮಾಡಿಕೊಂಡು ಅವು ಇಕ್ಕಟ್ಟಾದವು. ಆದರೆ ಈ ಒತ್ತುವರಿ ವಿಜಯಕ್ಕೆ ಮೊದಲೇ ಆರಂಭವಾಗಿತ್ತೆಂದು ಇತಿಹಾಸಕಾರ ಹ್ಯೂ ಕೆನಡಿ 1985ರಲ್ಲಿ ತೋರಿಸಿದ್ದಾರೆ.

ತೆರಿಗೆ, ಅಹವಾಲು ಮತ್ತು ಪರಾರಿ

ರೈತನ ಬದುಕನ್ನು ನಿಜವಾಗಿ ಅಲುಗಾಡಿಸಿದ್ದು ಕದನಕ್ಕಿಂತ ಹೆಚ್ಚಾಗಿ, ಎರಡು ತಲೆಮಾರಿನ ನಂತರ ಬಿಗಿಯಾದ ವಸೂಲಿ ಎನ್ನಬಹುದು. ನೆಗೆವ್ ಮರುಭೂಮಿಯ ನೆಸ್ಸಾನ ಎಂಬ ಹಳ್ಳಿಯಲ್ಲಿ ದೊರೆತ ಪ್ಯಾಪಿರಸ್‌ಗಳಲ್ಲಿ, 670ರ ದಶಕದಲ್ಲಿ ಗೋಧಿ ಮತ್ತು ಎಣ್ಣೆಯನ್ನು ಒದಗಿಸುವಂತೆ ಎರಡು ಭಾಷೆಗಳಲ್ಲಿ ಹೊರಡಿಸಿದ ಆದೇಶಗಳಿವೆ. ಅದೇ ಸಂಗ್ರಹದ ಮತ್ತೊಂದು ಪತ್ರದಲ್ಲಿ, ಹೊರೆ ಇಳಿಸುವಂತೆ ಕೋರಲು ಸುತ್ತಲಿನ ಊರಿನವರು ಒಟ್ಟಾಗಿ ಗಾಜಾದಲ್ಲಿದ್ದ ಅಧಿಕಾರಿಯ ಬಳಿಗೆ ಹೋಗಬೇಕೆಂಬ ಸೂಚನೆಯಿದೆ.

ಈಜಿಪ್ಟಿನ ರಾಜ್ಯಪಾಲ ಕುರ್ರಾ ಇಬ್ನ್ ಶರೀಕ್ (709–714) ಅಫ್ರೊಡಿಟೊ ಊರಿನ ಆಡಳಿತಗಾರ ಬೆಸಿಲಿಯಸ್‌ಗೆ ಬರೆದ ಪತ್ರಗಳು 1901ರಿಂದ ಬೆಳಕಿಗೆ ಬಂದಿವೆ. ತೆರಿಗೆ ತಡವಾದುದಕ್ಕೆ ಗದರಿಕೆ, ಡಮಾಸ್ಕಸ್ ಮಸೀದಿಯ ನಿರ್ಮಾಣಕ್ಕೆ ಕೆಲಸಗಾರರನ್ನು ಕಳುಹಿಸುವಂತೆ ತಾಕೀತು, ಊರು ಬಿಟ್ಟು ಓಡಿಹೋದವರ ಪಟ್ಟಿ ಕಳುಹಿಸುವಂತೆ ಆದೇಶ, ಇವು ಅವುಗಳಲ್ಲಿ ತುಂಬಿವೆ. ಆದರೆ ಇನ್ನೊಂದು ಬಗೆಯ ಪತ್ರಗಳೂ ಇವೆ. ಇಂಥವನು ತನಗೆ ಬರಬೇಕಾದ ಹಣ ಬಂದಿಲ್ಲವೆಂದು ಅಹವಾಲು ಸಲ್ಲಿಸಿದ್ದಾನೆ, ಪುರಾವೆ ಒದಗಿಸಿದಲ್ಲಿ ಅವನ ಹಕ್ಕನ್ನು ಅವನಿಗೆ ಕೊಡಿಸತಕ್ಕದ್ದು ಎಂಬುದು ಅವುಗಳ ಸಾರ. ಇಲ್ಲಿ ಬಳಕೆಯಾಗಿರುವ ಪದವೂ ಹಕ್ಕ್ ಎಂಬುದೇ.

ಖಲೀಫ ಅಬ್ದುಲ್ ಮಲಿಕ್ (685–705) ಆಳ್ವಿಕೆಯಲ್ಲಿ ಇರಾಕಿನ ಪರ್ಷಿಯನ್ ಲೆಕ್ಕಪತ್ರಗಳನ್ನೂ ಸಿರಿಯಾದ ಗ್ರೀಕ್ ಲೆಕ್ಕಪತ್ರಗಳನ್ನೂ ಅರಬ್ಬೀ ಭಾಷೆಗೆ ವರ್ಗಾಯಿಸಲು ಆದೇಶವಾಯಿತು. ಹಳ್ಳಿಗಳಲ್ಲಿ ಗ್ರೀಕ್ ಮತ್ತು ಕಾಪ್ಟಿಕ್ ಬರವಣಿಗೆ ಇನ್ನೂ ಹಲವು ದಶಕ ಉಳಿಯಿತು. ಇರಾಕಿನ ರಾಜ್ಯಪಾಲ ಅಲ್-ಹಜ್ಜಾಜ್, ತೆರಿಗೆ ತಾಳಲಾರದೆ ಪಟ್ಟಣ ಸೇರಿದ್ದ ರೈತರನ್ನು ಬಲವಂತವಾಗಿ ಹಳ್ಳಿಗಳಿಗೆ ಅಟ್ಟಿದನೆಂದು ದಾಖಲಾಗಿದೆ.

ಹೊಸ ಪಟ್ಟಣ, ಹೊಸ ಕಾಲುವೆ

ಬಸ್ರಾ, ಕೂಫಾ ಮತ್ತು ಈಜಿಪ್ಟಿನ ಫುಸ್ತಾತ್ ಆರಂಭದಲ್ಲಿ ಸೇನಾ ಬೀಡುಗಳು. ಬಸ್ರಾ, ಕೂಫಾಗಳ ಮೊದಲ ಮನೆಗಳು ಜೊಂಡಿನವು. ವೇತನ ಪಡೆಯುವ ಯೋಧರ ಈ ಊರುಗಳು ಬೆಳೆದಂತೆ ಸುತ್ತಲಿನ ಹೊಲಗಳಿಗೆ ಹೊಸ ಮಾರುಕಟ್ಟೆ ಒದಗಿತು. ಪಾಳುಭೂಮಿಯನ್ನು ಸಾಗುವಳಿಗೆ ತಂದವನಿಗೆ ಅದು ಸೇರತಕ್ಕದ್ದೆಂಬ ನಿಯಮ ಇಸ್ಲಾಮೀ ಕಾನೂನಿನಲ್ಲಿ ನೆಲೆಗೊಂಡಿತು. ಅಂತಹ ಭೂಮಿಗೆ ಅಲ್ಲಿ ಸತ್ತ ಭೂಮಿ ಎಂದೇ ಹೆಸರು; ನಮ್ಮ ಖರಾಬು ಅದಕ್ಕೆ ಹತ್ತಿರದ ಕಲ್ಪನೆ. ಬಂಡವಾಳ ಉಳ್ಳವರಿಗೆ ಈ ನಿಯಮದಿಂದ ಹೆಚ್ಚು ಅನುಕೂಲವಾಯಿತು. ದಕ್ಷಿಣ ಇರಾಕಿನ ಜೌಗು ಬತ್ತಿಸಿ, ಕಾಲುವೆ ತೋಡಿ ದೊಡ್ಡ ಜಮೀನುಗಳನ್ನು ಮಾಡಿಕೊಂಡವರು ರಾಜವಂಶದವರು ಮತ್ತು ರಾಜ್ಯಪಾಲರು. ಸಿರಿಯಾದ ಒಣನೆಲದಲ್ಲಿ 728–29ರ ಶಾಸನವುಳ್ಳ ಕಸ್ರ್ ಅಲ್-ಹೈರ್ ಅಲ್-ಶರ್ಕಿ ಎಂಬ ಗೋಡೆ ಸುತ್ತಿದ ವಸಾಹತು ಇದೇ ಬಗೆಯ ಹೂಡಿಕೆ. ಈ ವೆಚ್ಚದ ಬಗ್ಗೆ ಜನರಲ್ಲಿ ಎಷ್ಟು ಅಸಮಾಧಾನವಿತ್ತೆಂದರೆ, 744ರಲ್ಲಿ ಪಟ್ಟವೇರಿದ ಖಲೀಫ 3ನೆಯ ಯಜೀದ್, ತಾನು ಕಟ್ಟಡ ಕಟ್ಟಿಸುವುದಿಲ್ಲ, ಕಾಲುವೆ ತೋಡಿಸುವುದಿಲ್ಲ ಎಂದು ಸಾರ್ವಜನಿಕವಾಗಿ ಮಾತು ಕೊಡಬೇಕಾಯಿತೆಂದು ವೃತ್ತಾಂತಗಳು ಹೇಳುತ್ತವೆ.

ಭಾರತದ ಕಡೆಯ ಭತ್ತ, ಕಬ್ಬು, ಹತ್ತಿ ಇಸ್ಲಾಮೀ ಆಳ್ವಿಕೆಯಲ್ಲಿ ಪಶ್ಚಿಮಕ್ಕೆ ಹರಡಿ ಕೃಷಿಕ್ರಾಂತಿ ಉಂಟಾಯಿತೆಂದು ಆಂಡ್ರ್ಯೂ ವಾಟ್ಸನ್ 1974ರಲ್ಲಿ ವಾದಿಸಿದರು. ಇವುಗಳಲ್ಲಿ ಕೆಲವು ಮೊದಲೇ ಅಲ್ಲಿ ಪರಿಚಿತವಾಗಿದ್ದವೆಂಬ ಆಕ್ಷೇಪಣೆ ನಂತರ ಬಂದಿದೆ.

ಬೈಸಾನ್ ಪಟ್ಟಣದಲ್ಲಿ ಖಲೀಫ ಹಿಶಾಮ್ (724–743) ಹೆಸರಿನಲ್ಲಿ ಕಟ್ಟಿದ್ದ ಅಂಗಡಿ ಸಾಲು 749ರ ಭೂಕಂಪದಲ್ಲಿ ನೆಲಕಚ್ಚಿತು. ಮರುವರ್ಷ ಅಧಿಕಾರ ಅಬ್ಬಾಸಿದರ ಪಾಲಾಗಿ, 762ರಲ್ಲಿ ಬಾಗ್ದಾದ್ ರಾಜಧಾನಿಯ ನಿರ್ಮಾಣ ಆರಂಭವಾಯಿತು. ಸಿರಿಯಾಕ್ಕೆ ಹರಿದುಬರುತ್ತಿದ್ದ ಕಂದಾಯದ ಹಣ ಅಲ್ಲಿಂದ ಮುಂದೆ ಇರಾಕಿನಲ್ಲಿ ಖರ್ಚಾಗತೊಡಗಿತು.