ಬ್ಯಾಳಿ ಮತ್ತು ಬೇಲಿ: ಭೀಮಾ ದಂಡೆಯ ಕನ್ನಡದ ಧ್ವನಿ ಅಧ್ಯಯನ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮಾತಿಗೆ ಭಾಷಾಶಾಸ್ತ್ರ ಕಿವಿಗೊಟ್ಟದ್ದು ತೀರ ತಡವಾಗಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ಒಳಭೇದಗಳನ್ನು ಗುರುತಿಸಿತ್ತು. ಅದು ಹುಟ್ಟಿದ ರಾಷ್ಟ್ರಕೂಟ ಆಸ್ಥಾನದ ಮಳಖೇಡ ಇದೇ ಕಲಬುರಗಿ ಜಿಲ್ಲೆಯ ಊರು. ಆದರೆ ಆ ಗ್ರಂಥ ಹೇಳಿದ ತಿರುಳ್ಗನ್ನಡದ ನಾಡು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದು, ಇಲ್ಲಿಂದ ತೆಂಕಣಕ್ಕಿದ್ದದ್ದು. ಮುಂದೆ ಬಂದ ವ್ಯಾಕರಣಕಾರ ಕೇಶಿರಾಜನ ಗಮನವೆಲ್ಲ ಕಾವ್ಯಭಾಷೆಯ ಮೇಲೆ.

ಗ್ರಿಯರ್‌ಸನ್ನನ ಭಾರತೀಯ ಭಾಷಾ ಸಮೀಕ್ಷೆಯ ದ್ರಾವಿಡ ಸಂಪುಟ 1906ರಲ್ಲಿ ಬಂತು. ಹೈದರಾಬಾದ್ ಸಂಸ್ಥಾನ ಆ ಸಮೀಕ್ಷೆಯ ವ್ಯಾಪ್ತಿಯಲ್ಲೇ ಇರಲಿಲ್ಲವಾದ್ದರಿಂದ ನಿಜಾಮನ ಆಳ್ವಿಕೆಯ ಈ ಊರುಗಳು ಹೊರಗುಳಿದವು. 1958ರಲ್ಲಿ ಭಾಷಾಶಾಸ್ತ್ರಜ್ಞ ವಿಲಿಯಂ ಬ್ರೈಟ್ ಆಡುಗನ್ನಡದ ರೂಪರೇಖೆ ಬರೆದಾಗ ಆಧಾರವಾದದ್ದು ದಕ್ಷಿಣದ ಮಾತು. ಪುಣೆಯ ಡೆಕ್ಕನ್ ಕಾಲೇಜು ಹಾಲಕ್ಕಿ, ನಂಜನಗೂಡು ಕನ್ನಡಗಳ ವಿವರಣೆ ಪ್ರಕಟಿಸಿದ ಕಾಲದಲ್ಲೇ, 1968ರಲ್ಲಿ, ಆರ್. ಮಹಾದೇವನ್ ಅವರ ‘ಗುಲ್ಬರ್ಗ ಕನ್ನಡ’ವನ್ನೂ ಹೊರತಂದಿತು. ಧ್ವನಿ ಮತ್ತು ಶಬ್ದಸಂಪತ್ತನ್ನು ಕುರಿತ ಈ ಪುಸ್ತಕ, ‘ಒರಟು ಕನ್ನಡ’ ಎಂದು ಬದಿಗೆ ಸರಿಸಿದ್ದ ಮಾತಿಗೆ ವ್ಯವಸ್ಥಿತ ವಿವರಣೆ ಕೊಟ್ಟಿತು.

ಆ ಮಾತಿನ ಕಟ್ಟು ಎಷ್ಟು ಬಿಗಿ ಎಂಬುದಕ್ಕೆ ಸ್ವರಗಳನ್ನೇ ನೋಡಬೇಕು. ಇಲ್ಲಿ ನಾಮಪದದ ಕೊನೆಯ ಎಕಾರ ಇಕಾರವಾಗುತ್ತದೆ: ಮನಿ, ತಲಿ, ಎಲಿ. ಅದೇ ಎಕಾರ ಕ್ರಿಯಾಪದ, ಅವ್ಯಯಗಳಲ್ಲಿ ಅಕಾರದತ್ತ ವಾಲುತ್ತದೆ: ಬರ್ತಾನ, ಯಾಕ, ಹಂಗ. ಇದಕ್ಕಿಂತ ಸೊಗಸಾದದ್ದು ‘ಬ್ಯಾಡ’, ‘ಮ್ಯಾಲ’ಗಳಲ್ಲಿ ಬಾಯಿ ಅಗಲಿಸಿ ಆಡುವ ದೀರ್ಘಸ್ವರ. ಮುಂದಿನ ಅಕ್ಷರದಲ್ಲಿ ಅ ಅಥವಾ ಎ ಇದ್ದರೆ ಏಕಾರ ಕೆಳಗಿಳಿಯುತ್ತದೆ. ಉಕಾರವಿರುವ ‘ಬೇಕು’ ಹಾಗೇ ಉಳಿಯುತ್ತದೆ. ಹಾಗಾದರೆ ತೊಗರಿಯ ಈ ನಾಡಿನಲ್ಲಿ ಬೇಳೆ ‘ಬ್ಯಾಳಿ’ ಆದದ್ದು ಹೇಗೆ? ಕೊನೆಯ ಎಕಾರ ಮೊದಲು ಏಕಾರವನ್ನು ಇಳಿಸಿತು, ಆಮೇಲೆ ತಾನೇ ಇಕಾರವಾಯಿತು. ಮೊದಲಿಂದಲೂ ಇಕಾರವೇ ಇದ್ದ ‘ಬೇಲಿ’ಗೆ ಆ ಗತಿ ಬರಲಿಲ್ಲ. ಎರಡು ಬದಲಾವಣೆಗಳಲ್ಲಿ ಯಾವುದು ಮೊದಲೆಂಬ ಚರಿತ್ರೆ ರೈತನೊಬ್ಬ ದಿನವೂ ಆಡುವ ಮಾತಿನಲ್ಲೇ ಅಡಗಿದೆ! ಮುಂದಿನ ಸ್ವರ ಹಿಂದಿನದನ್ನು ಬದಲಿಸುವ ಇಂಥ ಪ್ರಕ್ರಿಯೆಯನ್ನು ಬ್ರೈಟ್ 1966ರಲ್ಲಿ ಇಡೀ ದ್ರಾವಿಡ ಕುಟುಂಬದ ನೆಲೆಯಲ್ಲಿ ಚರ್ಚಿಸಿದರು.

ಬಾಯಿ ಅಗಲಿಸಿ ಆಡುವ ಆ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. ಯಕಾರದ ಒತ್ತಿನಿಂದ ಕೆಲಸ ಸಾಗಿಸುತ್ತೇವೆ. ಕಲಬುರಗಿಯ ಆಡುನುಡಿಯನ್ನು ಕಾದಂಬರಿಗೆ ತಂದ ಗೀತಾ ನಾಗಭೂಷಣ ಅವರಂಥ ಲೇಖಕರಿಂದ ಈ ಧ್ವನಿಗಳು ಭಾಷಾಶಾಸ್ತ್ರ ಓದದವರಿಗೂ ತಲುಪಿದವು. ಗೀತಾ ಅವರ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ವ್ಯಂಜನಗಳ ಅಧ್ಯಯನ ಮಾತ್ರ ಇನ್ನೂ ಆಳಕ್ಕಿಳಿಯಬೇಕು. ಭಾಷಾಶಾಸ್ತ್ರಜ್ಞರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದಾಗುತ್ತಿರುವುದನ್ನು ತೋರಿಸಿದರು. ಅಕ್ಕಲಕೋಟೆಗೆ ತಾಗಿದ ಆಳಂದ, ಅಫಜಲಪುರದ ಹಳ್ಳಿಗಳಲ್ಲೂ ಇವೇ ಮೂರು ನುಡಿಗಳಿವೆ; ಅವುಗಳ ಒಡನಾಟ ಇಲ್ಲಿ ವ್ಯಂಜನಗಳನ್ನು ಎಷ್ಟು ಬದಲಿಸಿದೆ ಎಂಬುದೇ ಪ್ರಶ್ನೆ. ಮರಾಠಿಯ ದಂತ್ಯ ಚಕಾರ ಇಲ್ಲಿನ ಕನ್ನಡದೊಳಗೆ ಎಲ್ಲಿಯವರೆಗೆ ಬಂದಿದೆ, ಉರ್ದುವಿನ ‘ಫ’ ಯಾರ ಬಾಯಲ್ಲಿ ‘ಪ’ ಆಗುತ್ತದೆ, ಜೇವರ್ಗಿಯ ಕಡೆಗೆ ಹೋದಂತೆ ಏನು ಬದಲಾಗುತ್ತದೆ ಎಂಬುದನ್ನು ಊರೂರು ತಿರುಗಿ, ಧ್ವನಿಮುದ್ರಿಸಿ ನಕ್ಷೆಗಿಳಿಸಬೇಕು. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲೇ ಇದೆ. ಈ ಕೆಲಸಕ್ಕೆ ಅದಕ್ಕಿಂತ ಹತ್ತಿರದ ನೆಲೆ ಬೇರಿಲ್ಲ.